ಕಿಟಕಿ ಪಕ್ಕದ ಮಷಿನ್

"ಎಲ್ಲವನ್ನೂ ಅಳಿಸಿ ಹೊಸದು ಹಾಕ್ಕೊಳ್ಳಿ. ಕಿಟಕಿ ಪಕ್ಕದ ಮಷಿನ್ ಮುಟ್ಟಿದ್ರೆ ಮಾತ್ರ ನಾನು ಸುಮ್ನಿರಲ್ಲ."

ಮೇಜಿನ ಕೆಳಗೆ ಕೇಬಲ್ ಸಿಕ್ಕಿಸುತ್ತಿದ್ದವನು ಗಡಬಡಿಸಿ ಎದ್ದ. ಹಲಗೆಗೆ ತಲೆ ಬಡಿಯಿತು.

"ತಲೆಗೆ ಹೋಯ್ತು ಮೇಡಂ," ಎಂದ, ನೆತ್ತಿ ಸವರಿಕೊಳ್ಳುತ್ತಾ.

ಅವಳಿಗೆ ನಗು ಬಂತು. ತೋರಿಸಲಿಲ್ಲ.

ಅವಳು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾ ಪಿಎಚ್‌ಡಿ ಮಾಡುತ್ತಿದ್ದಳು. ನದಿಯ ಹರಿವಿನ ಲೆಕ್ಕಗಳು ಆ ಮಷಿನ್‌ನಲ್ಲಿ ತಿಂಗಳುಗಟ್ಟಲೆ ಓಡಿ ಆಗಷ್ಟೇ ಮುಗಿದಿದ್ದವು. ನಕಲು ಇಡುವಷ್ಟು ಜಾಗ ಬೇರೆ ಯಾವ ಡಿಸ್ಕಿನಲ್ಲೂ ಇರಲಿಲ್ಲ.

ಅವನು ಲ್ಯಾಬಿನ ಮಷಿನ್‌ಗಳಿಗೆಲ್ಲ ಯುನಿಕ್ಸ್ ಎಂಬ ಹೊಸ ಸಿಸ್ಟಮ್ ಹಾಕಲು ಬಂದ ತಾತ್ಕಾಲಿಕ ಇಂಜಿನಿಯರ್. ಕೆಲಸ ಚೆನ್ನಾಗಿ ಮುಗಿದರೆ ಖಾಯಂ.

"ಒಂದೊಂದರ ಮುಂದೂ ಕೂತು ಹಾಕಲ್ವಾ?"

"ಬೇಕಿಲ್ಲ. ಮಷಿನ್ ಆನ್ ಆದಾಗ ನೆಟ್‌ವರ್ಕಿನಲ್ಲಿ ಸರ್ವರನ್ನ ಕೂಗುತ್ತೆ. ಸರ್ವರ್ ಅದರ ನೆಟ್‌ವರ್ಕ್ ಕಾರ್ಡಿನ ನಂಬರ್ ನೋಡಿ, ಹಳೇದನ್ನ ಅಳಿಸಿ ತಾನೇ ಹೊಸದನ್ನ ಬಡಿಸುತ್ತೆ."

"ನನ್ನದಕ್ಕೆ?"

"ಆ ಕಾರ್ಡ್ ಬಂದ್ರೆ ಬಡಿಸಬೇಡ ಅಂತ ಹೇಳಿದೀನಿ."

"ಪಂಕ್ತಿಭೇದ."

"ಮಾಡಿಸಿದ್ದು ನೀವೇ."

ತಯಾರಿಗೆ ಕೆಲವು ವಾರ ಹಿಡಿಯಿತು. ಅವನು ಬಾರದ ದಿನ ಅವಳಿಗೆ ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಬಂದ ದಿನ ಕೇಳಿಸುತ್ತಿರಲಿಲ್ಲ... ಅಷ್ಟೇ ವ್ಯತ್ಯಾಸ. ಅದಕ್ಕೊಂದು ಹೆಸರು ಕೊಡಲು ಅವಳು ಹೋಗಲಿಲ್ಲ.

ರಜೆಯ ದಿನ ಅವನು ಅಷ್ಟೂ ಮಷಿನ್‌ಗಳನ್ನು ಒಟ್ಟಿಗೆ ಆನ್ ಮಾಡಿದ.

ಮರುದಿನ ಅವಳು ಬಂದಾಗ ಕಿಟಕಿ ಪಕ್ಕದ ಪರದೆಯ ಮೇಲೂ ಹೊಸ ಸಿಸ್ಟಮ್ ಇತ್ತು. ಒಳಗೆ ಏನೂ ಇರಲಿಲ್ಲ.

"ನಿಮ್ಮನ್ನ ನಂಬಿದ್ದೆ," ಎಂದಳು. ದನಿ ಏರಲಿಲ್ಲ.

ಅವನು ಸರ್ವರಿನ ಮುಂದೆ ಕೂತ. ಎದ್ದು ಹಿಂದಿನ ಸಾಲಿಗೆ ಹೋಗಿ ಬಂದ.

"ನನ್ನ ತಪ್ಪು," ಎಂದ. ವಿಭಾಗದ ಮುಖ್ಯಸ್ಥರ ಮುಂದೆಯೂ ಅದನ್ನೇ ಹೇಳಿದ. ಅವರು ವಾರದ ಕೊನೆಗೆ ಹೊರಡಲು ಹೇಳಿದರು.

ಮನೆಯಲ್ಲಿ ಅವಳು ಅಕ್ಕನ ಮುಂದೆ ಅವನನ್ನು ಬೈದಳು. ತಟ್ಟೆಯಲ್ಲಿದ್ದ ಅನ್ನ ಆರಿತು.

"ಅಷ್ಟು ಕೋಪ ಇದ್ರೆ ಅವನನ್ನ ಲ್ಯಾಬಲ್ಲೇ ಬಿಟ್ಟು ಬರಬೇಕಿತ್ತು ಕಣೇ," ಎಂದಳು ಅಕ್ಕ. "ಊಟಕ್ಕೂ ಕರ್ಕೊಂಡು ಬಂದಿದೀಯಲ್ಲ."

ಮರುದಿನ ಹಿಂದಿನ ಸಾಲಿನ ಮಷಿನ್ ಒಂದನ್ನು ಆನ್ ಮಾಡಿ ಅವಳು ಹಾಗೇ ನಿಂತಳು. ಅದರಲ್ಲಿ ಹಳೆಯ ಸಿಸ್ಟಮ್ ಇತ್ತು. ಸರ್ವರ್ ಅದನ್ನು ಮುಟ್ಟಿರಲಿಲ್ಲ.

ಯಾಕೆ...?

ನೆನಪಾಯಿತು. ಹೋದ ವಾರ ತನ್ನ ಮಷಿನ್‌ಗೆ ನೆಟ್‌ವರ್ಕ್ ಸರಿಯಾಗಿ ಸಿಗುತ್ತಿಲ್ಲವೆಂದು ಅದರ ಕಾರ್ಡನ್ನೂ ಇದರ ಕಾರ್ಡನ್ನೂ ಅದಲುಬದಲು ಮಾಡಿದ್ದವಳು ಅವಳೇ. ಅವನಿಗೆ ಹೇಳಿರಲಿಲ್ಲ. ಸರ್ವರಿಗೆ ಗೊತ್ತಿದ್ದದ್ದು ಕಾರ್ಡ್. ಕಿಟಕಿ ಅಲ್ಲ.

ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದಳು.

"ಸರ್, ಲೆಕ್ಕ ಅಳಿಸಿಹೋಗಿದ್ದು ನನ್ನಿಂದ. ಕಾರ್ಡ್ ಬದಲಾಯಿಸಿದ್ದು ನಾನು."

"ಅವರು ಆಗಲೇ ಒಪ್ಕೊಂಡಿದ್ದಾರಲ್ಲಮ್ಮ. ಒಂದು ತಪ್ಪಿಗೆ ಎಷ್ಟು ಜನ ಬರ್ತೀರಿ?"

"ಮಾಡಿದವಳು ಒಬ್ಬಳೇ ಸರ್. ಅವರನ್ನ ಕಳಿಸಬೇಡಿ."

ಮುಖ್ಯಸ್ಥರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಇರೋಕೆ ಹೇಳಿ ಹೋಗಿ," ಎಂದರು.

ಸರ್ವರ್ ಕೋಣೆಯಲ್ಲಿ ಅವನು ಕೇಬಲ್ ಸುತ್ತುತ್ತಿದ್ದ.

"ಹೋಗೋದು ಬೇಡವಂತೆ. ಸರ್‌ಗೆ ಎಲ್ಲಾ ಹೇಳಿದೆ," ಎಂದಳು. "ಕಾರ್ಡ್ ಬದಲಾಗಿದ್ದು ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಾಯ್ತು."

"ಯಾಕೆ ಹೇಳಲಿಲ್ಲ?"

"ಅಷ್ಟು ದಿನದ ಕೆಲಸ ಹೋಗಿತ್ತು. ಅದರ ಮೇಲೆ ತಪ್ಪೂ ನಿಮ್ದೇ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವಳಿಗೆ ಆಗ ಅಳು ಬಂತು. ಅವನು ಕೇಬಲ್ ಕೆಳಗಿಟ್ಟ.

"ಲೆಕ್ಕ ಮತ್ತೆ ಓಡಿಸೋಣ," ಎಂದ. "ಹಿಂದಿನ ಸಾಲಿನದೊಂದು ಬಿಟ್ರೆ ಈಗ ಎಲ್ಲದರಲ್ಲೂ ಒಂದೇ ಸಿಸ್ಟಮ್ ಇದೆ. ಹಂಚಿ ಹಾಕಿದ್ರೆ ಬೇಗ ಮುಗಿಯುತ್ತೆ."

"ಮುಗಿದ್ರೆ ಮುಗೀಲಿ. ಆಮೇಲೂ ನೀವು ಇರಿ."

"ಕೆಲಸಕ್ಕಾ?"

"ಕೆಲಸಕ್ಕೆ ಇರೋಕೆ ಸರ್ ಹೇಳಿದ್ರು," ಎಂದಳು. "ಇದು ನಾನು ಹೇಳ್ತಿರೋದು."

ಅವನು ಇನ್ನೊಂದು ಕುರ್ಚಿಯನ್ನು ತನ್ನದರ ಪಕ್ಕಕ್ಕೆ ಎಳೆದ.

"ಕೂತ್ಕೊಳ್ಳಿ. ಇರ್ತೀನಿ."