ಎರಡು ಜಗ್ಗು

ರಜೆ ಸಿಕ್ಕರೆ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಕೊಂಬೆಗೆ ಹಾಕಿದ ಹಗ್ಗ ಹಿಡಿದು ಮರ ಹತ್ತುವುದು ನನ್ನ ಹವ್ಯಾಸ; ದೆವ್ವ ಗಿವ್ವ ನಾನು ನಂಬುವವನಲ್ಲ. ಜೊತೆಗೆ ಬರುವವರು ಅಕ್ಕನ ಗಂಡ, ನನ್ನ ಭಾವ. ನಮ್ಮಿಬ್ಬರಲ್ಲಿ ಒಂದು ರೂಢಿಯಿದೆ: ಕೆಳಗಿದ್ದವರು ಹಗ್ಗವನ್ನು ಎರಡು ಸಲ ಜಗ್ಗಿದರೆ 'ಎಲ್ಲ ಸರಿ' ಎಂದರ್ಥ.

ಆ ಮಧ್ಯಾಹ್ನ ಉದ್ದದ ಹಗ್ಗ ಭಾರವೆಂದು ಗಿಡ್ಡದ್ದನ್ನು ತಂದಿದ್ದೆ. ಅರ್ಧ ಹತ್ತಿದ ಮೇಲೆ ಅದನ್ನೇ ಇನ್ನೂ ಎತ್ತರದ ಕೊಂಬೆಗೆ ಬದಲಿಸಿಕೊಂಡು ಮುಂದೆ ಹೋದೆ. ಇಳಿಯಲು ನೋಡಿದರೆ ಪಟ್ಟಿಯನ್ನು ಹಗ್ಗಕ್ಕೆ ಸೇರಿಸಿದ್ದ ಗಂಟು ಕೆಳಗೆ ಜಾರಲೊಲ್ಲದು. ಎಲೆಗಳ ಮರೆಯಲ್ಲಿ ಕೆಳಗೆ ಯಾರೋ ಜೋತುಬಿದ್ದಂತೆ ಹಗ್ಗ ಬಿಗಿದು ನಿಂತಿತ್ತು. ಬಿಸಿಲಲ್ಲೂ ಅದು ಅಂಗೈಗೆ ತಣ್ಣಗೆ ತಾಗುತ್ತಿತ್ತು. ಪಟ್ಟಿ ತೊಡೆಯನ್ನು ಕಚ್ಚತೊಡಗಿತು.

"ಭಾವ, ತಮಾಷೆ ಸಾಕು, ಹಗ್ಗ ಬಿಡಿ!"

ಎರಡು ಜಗ್ಗು ಬಂದವು. ಕೂಗಿದಾಗಲೆಲ್ಲ ಎರಡೇ.

ಎಷ್ಟೋ ಹೊತ್ತಿನ ಮೇಲೆ ಭಾವ ರಸ್ತೆಯ ಕಡೆಯಿಂದ ನೀರಿನ ಬಾಟಲಿ ಹಿಡಿದು ಬಂದರು. ತಲೆಯೆತ್ತಿ ನೋಡಿ ಬೈದರು: "ತಲೆ ಕೆಟ್ಟಿದ್ಯೇನಪ್ಪಾ? ಈ ಗಿಡ್ಡ ಹಗ್ಗ ತಗೊಂಡು ಅಷ್ಟು ಮೇಲೆ ಹೋಗಿದೀಯಲ್ಲ, ಹೇಗೆ ಇಳೀತೀಯ?"

ಎಲೆ ಸರಿಸಿ ಬಗ್ಗಿ ನೋಡಿದೆ. ಹಗ್ಗದ ತುದಿ ಭಾವನ ತಲೆಯಿಂದ ಎರಡಾಳೆತ್ತರ ಮೇಲೆ, ಬರೀ ಗಾಳಿಯಲ್ಲಿ, ನೆಟ್ಟಗೆ ಬಿಗಿದು ನಿಂತಿತ್ತು.

ನೋಡುತ್ತಿದ್ದಂತೆಯೇ ನನ್ನ ಕೈಗೆ ಮತ್ತೆ ಎರಡು ಜಗ್ಗು ಬಂದವು.