ಶನಿವಾರದ ಗುಂಪಿಗೆ ಬಂದ ಹೊಸ ಮೇಷ್ಟ್ರು

ಕುತೈಬ ಎಲ್ಲವನ್ನೂ ಕೇಳುತ್ತಿದ್ದ, ಏನನ್ನೂ ಹೇಳುತ್ತಿರಲಿಲ್ಲ. ಲುಜೈನ್‌ಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಅಮ್ಮಾನ್ ನಗರದ ವೈಬ್ದೆ ಗುಡ್ಡದ ಮೇಲೆ ಅವಳದೊಂದು ಪುಟ್ಟ ಶಿಶುವಿಹಾರ. ಮಗು ತನಗೆ ಬೇಕಾದ ದಾರಿ ಹಿಡಿಯಲಿ, ಟೀಚರ್ ಅದರ ಹಿಂದೆ ನಡೆಯಲಿ ಅನ್ನುವವರೆಲ್ಲ ಶನಿವಾರ ಸಂಜೆ ಅಲ್ಲಿ ಸೇರುತ್ತಿದ್ದರು. ತಮ್ಮ ತರಗತಿಯ ಮಕ್ಕಳು ಆ ವಾರ ಏನೇನು ಮಾಡಿದರು ಅಂತ ಹೇಳಿಕೊಂಡು ನಗುತ್ತಿದ್ದರು. ಹೊಸದಾಗಿ ಬಂದ ಮೇಷ್ಟ್ರು ಕುತೈಬ ಮಾತ್ರ ಚಹಾ ಲೋಟ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದ.

"ನಿಮ್ಮ ಶಾಲೆ ಯಾವುದು, ಉಸ್ತಾದ್?"

"ಆಚೆ ಗುಡ್ಡದಲ್ಲಿದೆ, ಮಿಸ್ ಲುಜೈನ್."

"ಆ ಗುಡ್ಡಕ್ಕೆ ಹೆಸರಿಲ್ವಾ?"

ಹೆಂಗಸರೆಲ್ಲ ನಕ್ಕರು. ಗುಂಪಿಗೆ ಹಿರಿಯಳಾದ ಉಮ್ ಯಜನ್, "ಬಿಡೇ, ಹುಡುಗ ನಾಚ್ಕೋತಾನೆ" ಅಂದಳು.

"ನಾಚಿಕೆ ಅಲ್ಲ ಖಾಲಾ, ಕಳ್ಳತನ."

ಅವನು ತಲೆ ಎತ್ತಿ ನೋಡಿದ. ಅಂಥ ನೀಳ ರೆಪ್ಪೆ ಕಳ್ಳನಿಗೆ ಯಾಕಿರಬೇಕು ಅಂತ ಅವಳಿಗೆ ಸಿಟ್ಟು ಬಂತು.

ಒಂದು ದಿನ ಅವನು ನೀಲಿ ವ್ಯಾನಿನಿಂದ ಇಳಿಯುವುದನ್ನು ಕಂಡಳು. ಮೂರು ವರ್ಷದ ಮಕ್ಕಳಿಗೂ ಪರೀಕ್ಷೆ ಇಡುವ ದೊಡ್ಡ ಶಾಲೆಯ ವ್ಯಾನು! ಇವಳ ಬೀದಿಯಲ್ಲೇ ಆ ಶಾಲೆಯ ಶಾಖೆ ತೆರೆಯುತ್ತಾರೆಂಬ ಸುದ್ದಿ ಬೇರೆ ಇತ್ತು. ಆ ಶನಿವಾರ ಸಂಜೆ ಎಲ್ಲರ ಎದುರೇ ಕೇಳಿಬಿಟ್ಟಳು.

"ನಮ್ಮ ಮಾತೆಲ್ಲ ಅಲ್ಲಿಗೆ ಹೊತ್ಕೊಂಡು ಹೋಗೋಕೆ ಎಷ್ಟು ಕೊಡ್ತಾರೆ?"

ಅವನ ಕಿವಿ ಕೆಂಪಾಯಿತು. "ನಾನು ಅಲ್ಲಿ ಟೀಚರ್ ಅನ್ನೋದು ನಿಜ. ಮಿಕ್ಕಿದ್ದು ನಿಮ್ಮ ಕಲ್ಪನೆ." ಲೋಟ ಕೆಳಗಿಟ್ಟು ಎದ್ದು ಹೋದ.

ಮುಂದಿನ ಶನಿವಾರ ಅವನು ಬರಲಿಲ್ಲ. ಮೂಲೆಯ ಖಾಲಿ ಕುರ್ಚಿ ನೋಡಿದಾಗಲೆಲ್ಲ ಅವಳಿಗೆ ಏನೋ ಕಳೆದುಕೊಂಡಂತಾಗುತ್ತಿತ್ತು. ಅದನ್ನೂ ಅನುಮಾನ ಅಂತಲೇ ಕರೆದುಕೊಂಡು, ಮಗು ಸೇರಿಸುವ ನೆಪ ಹೂಡಿ ಆ ಶಾಲೆಗೇ ಹೋದಳು.

ಮುಖ್ಯೋಪಾಧ್ಯಾಯಿನಿ ಒಂದೊಂದೇ ಕೋಣೆ ತೋರಿಸಿದರು. ಕೈಕಟ್ಟಿ ಕೂತ ಮಕ್ಕಳ ಉಸಿರೂ ಕೇಳಿಸುತ್ತಿರಲಿಲ್ಲ. ಕೊನೆಯ ಕೋಣೆಯಿಂದ ಮಾತ್ರ ಕಿಲಕಿಲ ಸದ್ದು.

"ಇದನ್ನ ಮನಸ್ಸಿಗೆ ತಗೋಬೇಡಿ. ಈ ಮೇಷ್ಟ್ರನ್ನ ತೆಗೆದಿದ್ದೀವಿ, ತಿಂಗಳ ಕೊನೆಗೆ ಹೋಗ್ತಾರೆ. ಕಾಪಿ ಬರೆಸಿ ಅಂದ್ರೆ ಮಕ್ಕಳ ಜೊತೆ ಆಡ್ತಾರೆ!"

ಕುತೈಬ ನೆಲದ ಮೇಲೆ ಬೋರಲು ಮಲಗಿದ್ದ. ಸುತ್ತ ಮಕ್ಕಳೂ ಹಾಗೇ ಮಲಗಿದ್ದರು. ಎಲ್ಲರ ನಡುವೆ ಒಂದು ಬಸವನಹುಳು.

"ಶ್! ಮಾತಾಡ್ಬೇಡಿ," ಅಂದಳೊಬ್ಬ ಪುಟ್ಟಿ ಲುಜೈನ್‌ಗೆ. "ಅದು ಯೋಚನೆ ಮಾಡ್ತಿದೆ."

ಅವನು ತಿರುಗಿದ. ಒಂದೇ ಮಾತಿನಲ್ಲಿ ಅವಳ ಮಾನ ಕಳೆಯಬಹುದಿತ್ತು. ಬದಲಿಗೆ ಎದ್ದು ಮೊಣಕೈ ಕೊಡವಿಕೊಂಡು, "ಮಗುವಿಗೆ ಎಷ್ಟು ವಯಸ್ಸು, ಮೇಡಂ?" ಅಂದ.

ಅದನ್ನವಳು ಯೋಚಿಸಿಕೊಂಡೇ ಬಂದಿರಲಿಲ್ಲ. "ಇನ್ನೂ... ಹುಟ್ಟಿಲ್ಲ."

"ಹಾಗಾದ್ರೆ ಸ್ವಲ್ಪ ಮುಂಚೇನೇ ಬಂದುಬಿಟ್ರಿ."

ಮುಖ್ಯೋಪಾಧ್ಯಾಯಿನಿ ಅವಳ ಉಂಗುರವಿಲ್ಲದ ಬೆರಳನ್ನೇ ನೋಡಿದರು. ಲುಜೈನ್ ಅಲ್ಲಿಂದ ಹೊರಗೆ ಓಡಿದಳು.

ಗೇಟಿನ ಹತ್ತಿರ ಅವನು ಅವಳನ್ನು ಸೇರಿಕೊಂಡ.

"ಮೊದಲೇ ಯಾಕೆ ಹೇಳ್ಲಿಲ್ಲ?" ಅವಳೇ ರೇಗಿದಳು.

"ಈ ಶಾಲೆ ಹೆಸರು ಹೇಳಿದ್ರೆ ಬಾಗಿಲು ಹಾಕ್ತಿರ್ಲಿಲ್ವಾ?"

"ಹಾಕ್ತಿದ್ದೆ." ದನಿ ತಗ್ಗಿತು. "ಎಲ್ಲರೆದುರು ಹಾಗನ್ನಬಾರದಿತ್ತು. ತಪ್ಪಾಯ್ತು."

"ಮೊದಮೊದಲು ಕಲಿಯೋಕೇ ಬರ್ತಿದ್ದೆ. ಆಮೇಲೆ ನೀವು ಕಣ್ಣು ಕಿರಿದು ಮಾಡ್ಕೊಂಡು ನನ್ನನ್ನೇ ಗಮನಿಸೋಕೆ ಶುರು ಮಾಡಿದ್ರಿ. ಕನ್ನಡಿ ಮುಂದೆ ನಿಂತು ತಲೆ ಬಾಚ್ಕೊಂಡು ಬರೋ ಅಭ್ಯಾಸ ಆಗ ಹತ್ತಿತು."

ಅವಳಿಗೆ ನಗು ತಡೆಯಲಾಗಲಿಲ್ಲ. "ಇದೂ ನಾಟಕ ಅಲ್ಲ ಅಂತ ಹೇಗೆ ನಂಬ್ಲಿ?"

"ನಂಬಬೇಡಿ. ಶುಕ್ರವಾರ ಅಮ್ಮನನ್ನ ನಿಮ್ಮ ಮನೆಗೆ ಕರ್ಕೊಂಡು ಬರ್ತೀನಿ. ಅವರನ್ನೇ ವಿಚಾರಿಸಿ. ಆದ್ರೆ ಕೆಲಸ ಹೋದವನು ಅಂತ ಗೊತ್ತಿರಲಿ."

ಅಮ್ಮಾನಿನಲ್ಲಿ ಹೆಣ್ಣು ಕೇಳಲು ಬಂದವರು ಒಪ್ಪಿಗೆ ಸಿಗುವ ತನಕ ಕಾಫಿ ಮುಟ್ಟುವುದಿಲ್ಲ. ಕೆಲವು ಮನೆಗಳಲ್ಲಿ ಅದು ಹಾಗೇ ತಣ್ಣಗಾಗಿ ಹೋಗುವುದೂ ಉಂಟು.

ಲುಜೈನ್ ಮತ್ತೆ ಕಣ್ಣು ಕಿರಿದು ಮಾಡಿ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ನನ್ನ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ, ಉಸ್ತಾದ್," ಅಂದಳು. "ಆದ್ರೂ ಬನ್ನಿ. ಕಾಫಿ ಆರೋಕೆ ಬಿಡಲ್ಲ."