ಒರಗುವ ದೊರೆ

“ತಾತಾ, ಬೇಗ ಬಾ! ದೊರೆ ಕೊರಿಯರ್ ಅಣ್ಣನ್ನ ಗೋಡೆಗೆ ಒತ್ತಿಬಿಟ್ಟಿದೆ!”

ಕಡ್ಡಿ ಸ್ಕೂಲ್ ಬ್ಯಾಗನ್ನು ಗೇಟಿನಲ್ಲೇ ಎಸೆದು ಓಡಿದಳು. ಅವಳಿಗೆ ಬೇರೆ ಒಳ್ಳೆ ಹೆಸರಿತ್ತು. ತೆಳ್ಳಗಿದ್ದಾಳೆಂದು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ದೊರೆಯ ಸಂಗತಿಯೇ ಬೇರೆ. ಅದು ಬುಲ್‌ಮಾಸ್ಟಿಫ್ ನಾಯಿ. ತೂಕ ಅರವತ್ತು ಕೆಜಿ, ತಲೆಯೊಂದೇ ಬಕೆಟ್ಟಿನಷ್ಟು.

ತಾತನದು ಸೋಫಾ ರಿಪೇರಿ ಅಂಗಡಿ. ಅದರ ಹಿಂದಿನ ಅಂಗಳದಲ್ಲಿ ಕೊರಿಯರ್ ಅಣ್ಣ ಪಾರ್ಸೆಲ್ಲನ್ನು ತಲೆಯ ಮೇಲೆತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದ. ದೊರೆ ತನ್ನ ಇಡೀ ಮೈಯನ್ನು ಅವನ ಮೇಲೆ ಒರಗಿಸಿತ್ತು. ಬೊಗಳುತ್ತಿರಲಿಲ್ಲ, ಗುರ್ ಎನ್ನುತ್ತಲೂ ಇರಲಿಲ್ಲ. ತನ್ನ ಪಾಡಿಗೆ ಜೊಲ್ಲು ಸುರಿಸುತ್ತಿತ್ತು.

ತಾತ ಬಂದವರೇ ಬಾಯಲ್ಲಿ ಕಚ್ಚಿಕೊಂಡಿದ್ದ ಸಣ್ಣ ಮೊಳೆಗಳನ್ನು ಅಂಗೈಗೆ ಉಗುಳಿದರು. ಆಮೇಲೆ ತಾನೇ ಮಾತು! “ದೊರೆ, ಸಾಕು.”

ದೊರೆ ಪಕ್ಕಕ್ಕೆ ಸರಿದು, ಹರಿದ ಸ್ಪಂಜಿನ ಮೇಲೆ ದೊಪ್ಪೆಂದು ಬಿದ್ದುಕೊಂಡಿತು.

ಅಷ್ಟರಲ್ಲಿ ಮಹಡಿಯಿಂದ ಓನರಮ್ಮ ದಡದಡ ಇಳಿದು ಬಂದರು. ಕಟ್ಟಡ ಅವರದೇ.

“ನೋಡಿ, ಇವತ್ತು ಒತ್ತಿದೆ, ನಾಳೆ ನುಂಗುತ್ತೆ! ಕಳ್ಳನ ಕೈಯನ್ನ ಮೊಣಕೈವರೆಗೂ ಕಚ್ಚಿದ ನಾಯಿ ಅಂತೆ ಇದು. ಬೀದಿಗೆಲ್ಲ ಗೊತ್ತು. ಭಾನುವಾರದೊಳಗೆ ಬೇರೆ ಎಲ್ಲಾದ್ರೂ ಕಳಿಸಿಬಿಡಿ.”

“ಯಾವ ಕಳ್ಳ?” ತಾತ ಕಕ್ಕಾಬಿಕ್ಕಿಯಾದರು.

ಕಡ್ಡಿಗೆ ಗೊತ್ತಿತ್ತು. ಆ ಕಳ್ಳ ಹುಟ್ಟಿದ್ದು ಸ್ಕೂಲ್ ವ್ಯಾನಿನಲ್ಲಿ. ಅಲ್ಲಿ ಕಡ್ಡಿಯ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಒಂದು ದಿನ ಕಳ್ಳನ ಕತೆ ಹೇಳಿದಳು ನೋಡಿ, ಓನರಮ್ಮನ ಮೊಮ್ಮಗ ಕಿಟಕಿ ಸೀಟನ್ನೇ ಬಿಟ್ಟುಕೊಟ್ಟಿದ್ದ. ದಿನಕ್ಕೊಂದಿಷ್ಟು ಉಪ್ಪುಖಾರ ಸೇರಿ ಕತೆ ಮೊಣಕೈವರೆಗೂ ಏರಿತ್ತು.

“ಅದು... ಸುಳ್ಳು,” ಎಂದಳು. “ನಾನೇ ಹೇಳಿದ್ದು.”

“ಆಗ ಸುಳ್ಳು ಹೇಳಿದವಳು ಈಗ ನಿಜ ಹೇಳ್ತಿದ್ದೀಯ ಅಂತ ಹೇಗೆ ನಂಬ್ಲಿ?” ಎಂದರು ಓನರಮ್ಮ.

ಕಡ್ಡಿಯ ಕಣ್ಣಲ್ಲಿ ನೀರು ತುಂಬಿತು.

ಕೊರಿಯರ್ ಅಣ್ಣ ಮೆಲ್ಲಗೆ ಕೆಮ್ಮಿದ. “ಕಚ್ಚಿಲ್ಲಮ್ಮ. ಬೆರಳು ಹತ್ತೂ ಇದೆ. ಜೊಲ್ಲಿಗೆ ಪ್ಯಾಂಟ್ ಮಾತ್ರ ಒದ್ದೆ. ಬೆಲ್ ಮಾಡ್ದೆ ಒಳಗೆ ಬಂದಿದ್ದು ನನ್ನ ತಪ್ಪೇ.”

ಓನರಮ್ಮ ನಾಯಿಯನ್ನೊಮ್ಮೆ, ಕಡ್ಡಿಯನ್ನೊಮ್ಮೆ ನೋಡಿದರು. “ಬೀದಿಗೆಲ್ಲ ಹಬ್ಬಿಸಿದವಳು ನೀನು. ನೀನೇ ಒರೆಸ್ಬೇಕು. ನಾಳೆ ವ್ಯಾನಲ್ಲಿ ಎಲ್ಲರ ಮುಂದೆ ನಿಜ ಹೇಳು. ತಾತಾ, ನೀವು ಗೇಟಿಗೆ ಚಿಲಕ ಹಾಕಿಸಿ. ಆಮೇಲೆ ನೋಡೋಣ.”

ಅವರು ಹೋದ ಮೇಲೆ ತಾತ ಬೈಯಲಿಲ್ಲ. ಅದೇ ಕಡ್ಡಿಗೆ ಹೆಚ್ಚು ಕಷ್ಟವಾಯಿತು.

“ತಾತ, ಅದು ಯಾಕೆ ಹಾಗೆ ಒರಗುತ್ತೆ?”

“ಅವನ ಮುತ್ತಾತಂದಿರ ಕೆಲ್ಸಾನೇ ಅದು,” ತಾತ ಸೋಫಾದ ಬಟ್ಟೆ ಎಳೆಯುತ್ತ ಹೇಳಿದರು. “ನೂರೈವತ್ತು ವರ್ಷದ ಹಿಂದೆ, ಇಂಗ್ಲೆಂಡಲ್ಲಿ ದೊಡ್ಡ ದೊಡ್ಡ ಎಸ್ಟೇಟ್‌ಗಳಿಗೆ ಕದ್ದು ಬೇಟೆಯಾಡೋರು ನುಗ್ತಿದ್ರು. ಮಾಸ್ಟಿಫ್ ನಾಯಿ ಬಲಶಾಲಿ, ಆದ್ರೆ ನಿಧಾನ. ಬುಲ್‌ಡಾಗ್ ಚುರುಕು, ಆದ್ರೆ ಆಗ ಅದಕ್ಕೆ ಮೂಗಿನ ತುದೀಲೇ ಕೋಪ. ಕಾವಲುಗಾರರು ಎರಡನ್ನೂ ಸೇರಿಸಿ ಈ ತಳಿ ಮಾಡಿದ್ರು. ಸದ್ದು ಮಾಡ್ದೆ ಹೋಗ್ಬೇಕು, ಬೀಳಿಸ್ಬೇಕು, ಯಜಮಾನ ಬರೋವರೆಗೂ ಹಿಡಿದಿಟ್ಕೋಬೇಕು. ಕಚ್ಚೋ ಹಾಗಿಲ್ಲ.”

“ಅಷ್ಟೊಂದು ಶಕ್ತಿ ಇದ್ರೂ?”

“ಇದ್ರೂ,” ಎಂದು ತಾತ ಮತ್ತೆ ಬಾಯಿಗೆ ಮೊಳೆ ಹಾಕಿಕೊಂಡರು.

ಮರುದಿನ ವ್ಯಾನಿನಲ್ಲಿ ಕಡ್ಡಿ ಎದ್ದು ನಿಂತಳು. “ಕಳ್ಳ ಬಂದೇ ಇಲ್ಲ. ದೊರೆ ಯಾರನ್ನೂ ಕಚ್ಚಿಲ್ಲ. ನಾನು ಸುಳ್ಳು ಹೇಳ್ದೆ.”

“ಮತ್ತೆ ಅದೇನು ಮಾಡುತ್ತೆ?” ಓನರಮ್ಮನ ಮೊಮ್ಮಗ ಕೇಳಿದ.

“ಒರಗುತ್ತೆ.”

“ಅಷ್ಟೇನಾ?”

ವ್ಯಾನೆಲ್ಲ ಗೊಳ್ಳೆಂದು ನಕ್ಕಿತು. ಕಡ್ಡಿಯ ಕಿವಿ ಬಿಸಿಯಾಯಿತು. ಕಿಟಕಿ ಸೀಟೂ ಹೋಯಿತು.

ಸಂಜೆ ಗೇಟಿಗೆ ಹೊಸ ಚಿಲಕ ಬಂದಿತ್ತು. ಓನರಮ್ಮ ಮಹಡಿಯಿಂದ ಬಗ್ಗಿ, “ಮೊಮ್ಮಗ ಹೇಳ್ದ. ಸರಿ, ಇರ್ಲಿ ಬಿಡು,” ಎಂದು ಒಳಗೆ ಹೋದರು.

ಕಡ್ಡಿ ಸ್ಪಂಜಿನ ರಾಶಿಯ ಮೇಲೆ ಕುಳಿತಳು. ದೊರೆ ಬಂದು, ಒಂದು ನಿಟ್ಟುಸಿರು ಬಿಟ್ಟು, ಅವಳಿಗೆ ಒರಗಿಕೊಂಡಿತು. ಕಡ್ಡಿ ಅತ್ತ ವಾಲಿದಳು. ಆದರೆ ಬೀಳಲಿಲ್ಲ. ಇಷ್ಟು ದಿನ ಅವಳು ಗಮನಿಸಿಯೇ ಇರಲಿಲ್ಲ: ದೊರೆ ಅವಳು ತಡೆಯುವಷ್ಟೇ ಭಾರ ಹಾಕುತ್ತಿತ್ತು, ಮಿಕ್ಕಿದ್ದನ್ನೆಲ್ಲ ತನ್ನ ನಾಲ್ಕು ಕಾಲುಗಳ ಮೇಲೇ ಇಟ್ಟುಕೊಂಡಿತ್ತು.

‘ಅಷ್ಟೇನಾ’ ಎಂದು ಅವಳಿಗೆ ಅನ್ನಿಸಲಿಲ್ಲ. ಅವಳೂ ಮೆಲ್ಲಗೆ ದೊರೆಗೆ ಒರಗಿಕೊಂಡಳು.